ಐಆರ್‌ಎಯಲ್ಲಿಟ್ಟ ಚಿನ್ನವನ್ನು ಮನೆಗೆ ತರುವಂತಿಲ್ಲ

ತಮ್ಮಾ, ಅಮೆರಿಕದ ಹಳೆಯ ಕಂಪನಿಯ 401ಕೆ (ಕಂಪನಿಯ ಮೂಲಕ ಕಟ್ಟುವ ನಿವೃತ್ತಿ ಉಳಿತಾಯ) ಹಣವನ್ನೆಲ್ಲ ‘ಗೋಲ್ಡ್ ಐಆರ್‌ಎ’ಗೆ, ಅಂದರೆ ಚಿನ್ನ ಇಡುವ ಸ್ವಂತ ನಿವೃತ್ತಿ ಖಾತೆಗೆ, ಹಾಕಿ ನಾಣ್ಯಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು ಎಂದು ಯಾರೋ ಫೋನ್ ಮಾಡಿ ಹೇಳಿದರಂತೆ. ಊರಿಂದ ಅಮ್ಮನೂ ಚಿನ್ನಕ್ಕೇ ಹಾಕು ಅಂದರಂತೆ. ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀಯ. ಮನೆಯಲ್ಲಿ ಇಡುವ ಮಾತನ್ನು ಈಗಲೇ ಬಿಟ್ಟುಬಿಡು. ಕಾನೂನಿನ ಪ್ರಕಾರ ಆ ಚಿನ್ನ ಬ್ಯಾಂಕ್ ಅಥವಾ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ ಟ್ರಸ್ಟಿಯ ವಶದಲ್ಲೇ ಇರಬೇಕು. ರೋಡ್ ಐಲೆಂಡ್‌ನ ದಂಪತಿ ಐಆರ್‌ಎ ಹಣದಲ್ಲಿ ಎಲ್‌ಎಲ್‌ಸಿ (ಸಣ್ಣ ಖಾಸಗಿ ಕಂಪನಿ) ಮಾಡಿಕೊಂಡು, ಅದರ ಹೆಸರಲ್ಲಿ ಕೊಂಡ ಅಮೆರಿಕನ್ ಈಗಲ್ ನಾಣ್ಯಗಳನ್ನು ಮನೆಯ ತಿಜೋರಿಯಲ್ಲಿಟ್ಟಿದ್ದರು. ಅದು ಖಾತೆಯಿಂದ ಹಣ ತೆಗೆದಂತೆಯೇ, ತೆರಿಗೆ ಕಟ್ಟಿ ಎಂದು 2021ರ ನವೆಂಬರ್‌ನಲ್ಲಿ ಟ್ಯಾಕ್ಸ್ ಕೋರ್ಟ್ ತೀರ್ಪು ಕೊಟ್ಟಿತು. ನಿನಗೆ ಫೋನ್ ಮಾಡಿದವರು ಹೇಳಿದ ಉಪಾಯಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಐಆರ್‌ಎಗೆ ಎಲ್ಲ ಚಿನ್ನವೂ ಆಗುವುದಿಲ್ಲ. ಒಡವೆ ಅಂತೂ ಇಲ್ಲವೇ ಇಲ್ಲ. ಚಿನ್ನದ ಗಟ್ಟಿಯಾದರೆ ಶೇ. 99.5ರಷ್ಟು ಶುದ್ಧವಿರಬೇಕು, ಬೆಳ್ಳಿಯಾದರೆ 99.9. ಅಮೆರಿಕನ್ ಈಗಲ್ ಮಾತ್ರ ನಮ್ಮ 916 ಒಡವೆಯಂತೆ 22 ಕ್ಯಾರೆಟ್ ಆದರೂ ಕಾನೂನು ಅದಕ್ಕೆ ವಿನಾಯಿತಿ ಕೊಟ್ಟಿದೆ. ಅದೇ 22 ಕ್ಯಾರೆಟ್‌ನ ದಕ್ಷಿಣ ಆಫ್ರಿಕಾದ ಕ್ರುಗರ್‌ರಾಂಡ್ ನಾಣ್ಯಕ್ಕೆ ಆ ವಿನಾಯಿತಿ ಇಲ್ಲ.

ಅಮ್ಮ ಹೇಳಿದ್ದು ತಪ್ಪಲ್ಲ. ಆದರೆ ಅವರು ಕಂಡ ಚಿನ್ನವೇ ಬೇರೆ. ಬಿತ್ತನೆಗೆ ದುಡ್ಡಿಲ್ಲದಾಗ, ಆಸ್ಪತ್ರೆ ಖರ್ಚು ಬಂದಾಗ ಬಳೆ ತೆಗೆದುಕೊಂಡು ಸೊಸೈಟಿಗೆ ಹೋದರೆ ಅವತ್ತೇ ಸಾಲ ಸಿಗುತ್ತಿತ್ತು, ಸುಗ್ಗಿ ಮುಗಿದ ಮೇಲೆ ಬಿಡಿಸಿಕೊಳ್ಳುತ್ತಿದ್ದರು. ನಮ್ಮ ಮನೆಗಳನ್ನು ಕಾಪಾಡಿದ್ದು ಆ ಅನುಕೂಲ. ಐಆರ್‌ಎಯ ಚಿನ್ನಕ್ಕೆ ಅದೇ ಇಲ್ಲ. ಖಾತೆಯನ್ನು ಸಾಲಕ್ಕೆ ಅಡವಿಟ್ಟರೆ, ಇಟ್ಟಷ್ಟನ್ನೂ ಹಿಂತೆಗೆದಂತೆ ಲೆಕ್ಕ ಹಾಕುತ್ತಾರೆ. 59 ವರ್ಷ 6 ತಿಂಗಳು ತುಂಬುವ ಮೊದಲು ತೆಗೆದರೆ ಆದಾಯ ತೆರಿಗೆಯ ಜೊತೆಗೆ, ತೆಗೆದ ಹಣಕ್ಕೆ ಸಾಮಾನ್ಯವಾಗಿ ಶೇ. 10 ದಂಡವೂ ಬೀಳುತ್ತದೆ. ನಿನಗಿನ್ನೂ ಮೂವತ್ತೆರಡು. ವೀಸಾ ಮೇಲಿದ್ದೀಯ, ನಾಳೆ ಊರಿಗೆ ಹೊರಡಬೇಕಾಗಿಯೂ ಬರಬಹುದು. ಕಷ್ಟಕ್ಕಾಗಲಿ ಅಂತ ಕೊಂಡ ಚಿನ್ನ ಕಷ್ಟ ಬಂದಾಗಲೇ ಕೈಗೆ ಸಿಗದಿದ್ದರೆ ಏನು ಮಾಡುತ್ತೀಯ?

ಇನ್ನು ಖರ್ಚು. ಖಾತೆ ನೋಡಿಕೊಳ್ಳುವವರಿಗೆ, ಚಿನ್ನ ಇಡುವ ಕೋಠಿಗೆ ವರ್ಷವರ್ಷವೂ ಶುಲ್ಕ. ಕೊಳ್ಳುವಾಗ ಮಾರುಕಟ್ಟೆ ದರಕ್ಕಿಂತ ಹೆಚ್ಚು, ಮಾರುವಾಗ ಕಡಿಮೆ. ‘ಅಪರೂಪದ ನಾಣ್ಯ’ ಅಂತ ಹೇಳಿದರೆ ಆ ಅಂತರ ಇನ್ನೂ ಹಿಗ್ಗುತ್ತದೆ, ಮೋಸ ನಡೆಯುವುದೂ ಹೆಚ್ಚಾಗಿ ಅಲ್ಲೇ. 2020ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಿಎಫ್‌ಟಿಸಿ (ಸರಕು ವಾಯಿದಾ ವ್ಯಾಪಾರದ ನಿಯಂತ್ರಕ) ಮತ್ತು 30 ರಾಜ್ಯಗಳು ಸೇರಿ ಹೂಡಿದ ಒಂದೇ ಮೊಕದ್ದಮೆಯಲ್ಲಿ 18 ಕೋಟಿ ಡಾಲರಿಗೂ ಹೆಚ್ಚಿನ ವಂಚನೆಯ ಆರೋಪವಿತ್ತು. ಹಣ ಕಳೆದುಕೊಂಡವರಲ್ಲಿ ಬಹಳಷ್ಟು ಜನ ವಯಸ್ಸಾದವರು, ನಿವೃತ್ತಿಯ ಹಣ ಹಾಕಿದ್ದವರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿನ್ನ ಇಳಿಯುವುದೇ ಇಲ್ಲ ಅಂತಲೂ ಆ ಫೋನಿನವರು ಹೇಳಿರಬೇಕು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ 1999ರಲ್ಲಿ 250ರ ಆಸುಪಾಸಿಗೆ ಬಿದ್ದಿತ್ತು. ಅಷ್ಟೂ ವರ್ಷ ಅದು ಬಡ್ಡಿಯನ್ನೂ ಕೊಡಲಿಲ್ಲ.

ಹೊಸ ಕಂಪನಿ 401ಕೆಗೆ ತನ್ನ ಪಾಲು ಸೇರಿಸುತ್ತದೆಯಾ ನೋಡು. ಸೇರಿಸುವುದಾದರೆ ಅದು ಪೂರ್ತಿ ಸಿಗುವಷ್ಟನ್ನು ಮೊದಲು ಕಟ್ಟು. ಹಳೆಯ ಹಣವನ್ನು ಸಾಮಾನ್ಯ ಐಆರ್‌ಎಗೆ ನೇರವಾಗಿ ವರ್ಗ ಮಾಡಿಸು, ಚೆಕ್ ನಿನ್ನ ಹೆಸರಿಗೆ ಬರುವುದು ಬೇಡ. ಬಂದರೆ ತೆರಿಗೆಗೆಂದು ಶೇ. 20 ಹಿಡಿದುಕೊಳ್ಳುತ್ತಾರೆ, ಆ ಕೊರತೆಯನ್ನೂ ನೀನೇ ತುಂಬಿ 60 ದಿನದೊಳಗೆ ಪೂರ್ತಿ ಹಣ ಜಮಾ ಮಾಡಬೇಕಾಗುತ್ತದೆ. ಚಿನ್ನ ಇರಲೇಬೇಕು ಅನ್ನಿಸಿದರೆ ಅದೇ ಖಾತೆಯಲ್ಲಿ ಸ್ವಲ್ಪ ಭಾಗ ಚಿನ್ನದ ಇಟಿಎಫ್ (ಷೇರಿನಂತೆ ಕೊಂಡು ಮಾರುವ ನಿಧಿ) ಕೊಳ್ಳು. ಕೋಠಿಯ ಗೋಜಿಲ್ಲ, ಬೇಕೆಂದಾಗ ಮಾರಬಹುದು. ಅಮ್ಮನ ಸಮಾಧಾನಕ್ಕೆ ನಾಲ್ಕು ನಾಣ್ಯ ಬೇಕಾದರೆ ತೆರಿಗೆ ಕಟ್ಟಿ ಉಳಿದ ದುಡ್ಡಿನಲ್ಲಿ ಕೊಂಡುಕೋ, ಅವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು.

ಅವರು ಕಳಿಸಿದ ಕಾಗದಕ್ಕೆ ಸದ್ಯ ಸಹಿ ಹಾಕಬೇಡ. ನನಗೆ ಕಳಿಸು, ಶನಿವಾರ ಕೂತು ಓದೋಣ.