ಫೈಲು ಯಾರ ಕೈಯಲ್ಲಿ ಉಂಟು? ಮಾನವ ಕಳ್ಳಸಾಗಣೆ ಬಗ್ಗೆ ಓದುಗರ ಪ್ರಶ್ನೆಗಳು

ಹದಿನಾಲ್ಕು ವರ್ಷ ಕರಾವಳಿಯಲ್ಲಿ ಇದೇ ಕೆಲಸ ಮಾಡಿದವಳು ನಾನು. ಮೊದಲು ಊರೂರು ತಿರುಗುವ ಕಾರ್ಯಕರ್ತೆ, ಆಮೇಲೆ ಮೂರು ಜಿಲ್ಲೆಯ ಯೋಜನೆ ನೋಡಿಕೊಳ್ಳುವವಳು. ಕಳೆದ ಸಂಚಿಕೆಯಲ್ಲಿ ಮಾನವ ಕಳ್ಳಸಾಗಣೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಅಕ್ಕಾ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರಕ್ಕೂ ಸೇರಿದ ಕಳ್ಳಸಾಗಣೆ ತಡೆ ಯೋಜನೆಯೊಂದಕ್ಕೆ ಸಂಯೋಜಕಿಯಾಗಿ ಸೇರಿದ್ದೇನೆ. ಮೂರು ಸಂಸ್ಥೆಗಳು ಜೊತೆಗಿವೆ, ಫೀಲ್ಡ್‌ನಲ್ಲಿ ಒಂಬತ್ತು ಜನ. ಹಣ ಕೊಡುವವರು ಪ್ರತಿ ತಿಂಗಳೂ ಎಷ್ಟು ಜನರನ್ನು ರಕ್ಷಿಸಿದಿರಿ ಅಂತ ಕೇಳುತ್ತಾರೆ. ನನಗೆ ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗುತ್ತಿಲ್ಲ. (ಕುಂದಾಪುರ)

ಉತ್ತರ: ತಂಗೀ, ಮೊದಲು ರೈಲು ಸ್ಟೇಷನ್‌ಗೆ ಹೋಗಿ. ಮೀಟಿಂಗ್ ಆಮೇಲೆ ಮಾಡಬಹುದು.

ಜನರನ್ನು ಸಾಗಿಸುವವರ ಮೇಲೆ ಕಣ್ಣಿಡಲಿಕ್ಕೆ ನಾವು ಮೊದಲ ವರ್ಷ ನಮ್ಮ ಇಬ್ಬರು ಕಾರ್ಯಕರ್ತೆಯರನ್ನು ಮಂಗಳೂರು ಸೆಂಟ್ರಲ್‌ನಲ್ಲಿ ನಿಲ್ಲಿಸಿದ್ದೆವು. ಊರಿನ ನಡುವೆ ಉಂಟು, ಹಂಪನಕಟ್ಟೆಯಿಂದ ನಡೆದೇ ಹೋಗಬಹುದು, ಅದಕ್ಕೆ. ಆದರೆ ಕೇರಳದಿಂದ ಕೊಂಕಣ ದಾರಿ ಹಿಡಿದು ಗೋವಾ, ಮುಂಬೈ, ದಿಲ್ಲಿ ಕಡೆ ಹೋಗುವ ರೈಲುಗಳಲ್ಲಿ ಹೆಚ್ಚಿನವು ಸೆಂಟ್ರಲ್‌ಗೆ ಬರುವುದೇ ಇಲ್ಲ, ಮಂಗಳೂರು ಜಂಕ್ಷನ್ ಮೂಲಕ ಹೋಗುತ್ತವೆ. ಇದು ನಮಗೆಲ್ಲ ಗೊತ್ತಿದ್ದ ವಿಷಯವೇ, ಆದರೂ ಯೋಜನೆ ಬರೆಯುವಾಗ ಒಬ್ಬರಿಗೂ ಹೊಳೆಯಲಿಲ್ಲ. ಜಂಕ್ಷನ್‌ನಲ್ಲಿ ಚಹಾ ಮಾರುವ ಒಬ್ಬರು "ನೀವು ಹುಡುಕುವವರು ಬೆಳಗಿನ ಜಾವ ಇಲ್ಲಿ ಇರ್ತಾರೆ, ನೀವು ಅಲ್ಲಿ ಇರ್ತೀರಿ" ಅಂತ ಹೇಳಿದ ಮೇಲೆಯೇ ನಮಗೆ ಬುದ್ಧಿ ಬಂದದ್ದು.

ಇನ್ನೊಂದು ವಿಷಯ. ಮಂಗಳೂರಿನಲ್ಲಿ ಮೂರು ರೈಲ್ವೆ ಕೂಡುತ್ತವೆ. ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ತೋಕೂರು ದಾಟಿದರೆ ಕೊಂಕಣ ರೈಲ್ವೆ. ಪಡೀಲ್‌ನಿಂದ ಸುಬ್ರಹ್ಮಣ್ಯದ ಕಡೆ ತಿರುಗಿದರೆ ಮೈಸೂರು ವಿಭಾಗ. ಜಂಕ್ಷನ್‌ನಲ್ಲಿ ಹತ್ತಿದ ಮಗು ಉಡುಪಿಯ ಇಂದ್ರಾಳಿಯಲ್ಲಿ ಇಳಿಯುವಷ್ಟರಲ್ಲಿ ನೀವು ಪತ್ರ ಬರೆಯಬೇಕಾದ ಕಚೇರಿಯೇ ಬದಲಾಗಿರುತ್ತದೆ. ಈ ಮೂರೂ ಕಡೆಯ ರೈಲ್ವೆ ರಕ್ಷಣಾ ಪಡೆಯವರ ಪರಿಚಯ ಮೊದಲ ತಿಂಗಳಲ್ಲೇ ಮಾಡಿಕೊಳ್ಳಿ. ಇನ್‌ಸ್ಪೆಕ್ಟರ್‌ಗಳಿಗೆ ವರ್ಗ ಆಗುತ್ತಲೇ ಇರುತ್ತದೆ, ಹೊಸಬರು ಬಂದ ವಾರವೇ ಕೊಡಲಿಕ್ಕೆ ಒಂದು ಪುಟದ ಟಿಪ್ಪಣಿ ಬ್ಯಾಗಿನಲ್ಲಿ ಇರಲಿ.

ಈಗ ನಮ್ಮ ದೊಡ್ಡ ತಪ್ಪನ್ನು ಹೇಳುತ್ತೇನೆ, ನೀವು ಅದನ್ನು ಮಾಡಬಾರದು. ಬಯಲುಸೀಮೆಯ ಹದಿನಾರು ವರ್ಷದ ಹುಡುಗಿಯೊಬ್ಬಳು ಇಲ್ಲಿನ ಒಂದು ಫ್ಲ್ಯಾಟಿನಲ್ಲಿ ಮನೆಕೆಲಸಕ್ಕೆ ಇದ್ದಳು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರ ತನಕ ಕೆಲಸ, ಸಂಬಳ ಕರೆದುಕೊಂಡು ಬಂದ ಹೆಂಗಸಿನ ಕೈಗೆ. ಅವಳನ್ನು ಬಿಡಿಸಿದ್ದು ಒಂದು ಸಂಸ್ಥೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ್ದು ಇನ್ನೊಂದು, ಊರಿಗೆ ಮುಟ್ಟಿಸಿ ಮನೆ ನೋಡಿಕೊಂಡು ಬರಬೇಕಾದದ್ದು ಮೂರನೆಯದು. ಮೂರೂ ಫೈಲಿನಲ್ಲಿ ಒಂದೇ ಸಾಲು: ಮುಂದಿನ ಕ್ರಮ ಸಹಭಾಗಿ ಸಂಸ್ಥೆಯಿಂದ. ಐದು ತಿಂಗಳಾದ ಮೇಲೆ ಏನೋ ಲೆಕ್ಕ ಸರಿ ಮಾಡಲಿಕ್ಕೆ ಅಂತ ನಾನೇ ಅವಳ ಮನೆಗೆ ಫೋನ್ ಮಾಡಿದೆ. ಅವ್ವ ಫೋನ್ ತೆಗೆದು, "ಅಕಿ ಮತ್ತ ಹೋದ್ಳಲ್ರೀ, ಅದ ಬಾಯಾರ ಜೋಡಿ" ಅಂದಳು. ಅದೇ ಹೆಂಗಸಿನ ಜೊತೆ. ನಮ್ಮ ವರದಿಯಲ್ಲಿ ಮಾತ್ರ ಆ ಹುಡುಗಿ ಇನ್ನೂ ರಕ್ಷಣೆಯಾದವರ ಪಟ್ಟಿಯಲ್ಲಿ ಇದ್ದಳು.

ಆವತ್ತಿನಿಂದ ನಮ್ಮಲ್ಲಿ ಒಂದು ಫೈಲಿಗೆ ಒಬ್ಬರು. ಹೆಸರು ರಟ್ಟಿನ ಮೇಲೆ ದೊಡ್ಡದಾಗಿ. ಯಾವ ಸಂಸ್ಥೆಯವರು ಅನ್ನುವುದು ಮುಖ್ಯ ಅಲ್ಲ, ಮನೆ ಮುಟ್ಟಿ, ಪರಿಹಾರದ ಹಣ ಬಂದು, ಕೋರ್ಟಿನಲ್ಲಿ ತೀರ್ಪು ಆಗುವ ತನಕ ಅವರೇ ಉತ್ತರ ಹೇಳಬೇಕು. ಕೆಲಸ ಬಿಟ್ಟು ಹೋಗುವುದಾದರೆ ಬದಲಿಗೆ ಬರುವವರನ್ನು ಆ ಹುಡುಗಿಯ ಎದುರು ಕೂರಿಸಿ ಪರಿಚಯ ಮಾಡಿಸಿಯೇ ಹೋಗಬೇಕು.

ಹಣದ ಮಾತು. ಹಣ ವಿದೇಶದ್ದಾಗಿದ್ದರೆ ಜಾಗ್ರತೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಮುಖ್ಯ ಸಂಸ್ಥೆ ಹಣ ತರಿಸಿ ಉಳಿದ ಎರಡಕ್ಕೆ ಹಂಚುವ ಹಳೆಯ ಕ್ರಮ ಈಗ ಇಲ್ಲ. ಆಡಳಿತದ ಖರ್ಚಿಗೂ ಶೇಕಡ 20ರ ಮಿತಿ ಉಂಟು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆಡಿಟರ್ ಹತ್ತಿರ ಕೂತು ಇದನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಒಳ್ಳೆಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮತ್ತೆ ಆ ತಿಂಗಳ ಲೆಕ್ಕ. ರಕ್ಷಣೆಯ ಸಂಖ್ಯೆ ಮಾತ್ರ ಕೇಳಿದರೆ ಫೀಲ್ಡ್‌ನವರು ಸಂಖ್ಯೆಯ ಹಿಂದೆಯೇ ಓಡುತ್ತಾರೆ, ಅದು ಅವರ ತಪ್ಪಲ್ಲ. ಫಾರ್ಮಿನಲ್ಲಿ ಬೇರೆ ಕಾಲಂಗಳನ್ನೂ ಸೇರಿಸಿ ಕಳಿಸಿ. ವರ್ಷದ ನಂತರವೂ ಮನೆಯಲ್ಲಿ ಅಥವಾ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ? ಎಷ್ಟು ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್, ಅಂದರೆ ಮಾನವ ಕಳ್ಳಸಾಗಣೆಯ ಸೆಕ್ಷನ್, ಬಿದ್ದಿದೆ? ಈ ಎರಡನೆಯದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ಪೊಲೀಸರು ಪೀಟಾ ಅನ್ನುವ, ವೇಶ್ಯಾವಾಟಿಕೆ ದಂಧೆ ತಡೆಯುವ 1956ರ ಕಾಯ್ದೆ ಮಾತ್ರ ಹಾಕಿದರೆ ಲಾಡ್ಜಿನಲ್ಲಿ ಸಿಕ್ಕವರಷ್ಟೇ ಆರೋಪಿಗಳು, ಊರಿನಲ್ಲಿ ಕೂತು ಕಳಿಸಿದವನ ಕಡೆ ಯಾರೂ ನೋಡುವುದಿಲ್ಲ. ಕರೆತಂದವನು, ಸಾಗಿಸಿದವನು, ಇಟ್ಟುಕೊಂಡವನು ಎಲ್ಲರೂ 143ರ ಒಳಗೆ ಬರುತ್ತಾರೆ. ಮಗುವಾಗಿದ್ದರೆ ಕನಿಷ್ಠ 10 ವರ್ಷ ಶಿಕ್ಷೆ. ಅವಳೇ ಒಪ್ಪಿ ಬಂದಿದ್ದಳು ಅನ್ನುವ ವಾದಕ್ಕೆ ಅಲ್ಲಿ ಬೆಲೆ ಇಲ್ಲ, ಸೆಕ್ಷನ್‌ನಲ್ಲೇ ಹಾಗೆ ಬರೆದಿದೆ.

ಪ್ರಶ್ನೆ: ನಾನು ಜಂಕ್ಷನ್‌ನಲ್ಲಿ ರಿಕ್ಷಾ ಓಡಿಸುವುದು. ಕೆಲವು ಸಲ ಸಣ್ಣ ಪ್ರಾಯದ ಮಕ್ಕಳನ್ನು ಯಾರೋ ಕರೆದುಕೊಂಡು ಹೋಗುವುದನ್ನು ನೋಡಿದರೆ ಸಂಶಯ ಬರುತ್ತದೆ. ಹೇಳಿದರೆ ನನ್ನನ್ನೇ ಕೋರ್ಟಿಗೆ ಎಳೆಯುತ್ತಾರಾ? (ಮಂಗಳೂರು)

ಉತ್ತರ: ಅಣ್ಣಾ, ಮಕ್ಕಳಾದರೆ 1098, ಯಾರೇ ಆದರೂ 112, ಸ್ಟೇಷನ್ ಒಳಗೆ ಅಥವಾ ರೈಲಿನಲ್ಲಿ ಆದರೆ 139. ನಿಮ್ಮ ಸಂಶಯ ಸರಿಯಾ ತಪ್ಪಾ ಅಂತ ನೋಡುವುದು ಅವರ ಕೆಲಸ, ನೀವು ಸಾಬೀತು ಮಾಡಬೇಕಾಗಿಲ್ಲ. ಸುಮ್ನೆ ಫೋನ್ ಮಾಡಿದವರನ್ನೆಲ್ಲ ಕೋರ್ಟಿಗೆ ಕರೆಯುವುದಿಲ್ಲ. ಯಾವ ರೈಲು, ಎಷ್ಟು ಗಂಟೆ, ಯಾವ ಬಣ್ಣದ ಬಟ್ಟೆ, ಯಾವ ಕಡೆ ಹೋದರು, ಇಷ್ಟು ಹೇಳಿದರೆ ಧಾರಾಳ ಸಾಕು. ವಿಡಿಯೋ ಮಾಡಿ ವಾಟ್ಸ್‌ಆ್ಯಪ್‌ಗೆ ಮಾತ್ರ ಹಾಕಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ. ಆ ಮಗು ನಾಳೆ ಅದೇ ಊರಿನಲ್ಲಿ ಶಾಲೆಗೆ ಹೋಗಬೇಕಲ್ವಾ?

ಪ್ರಶ್ನೆ: ನನ್ನದು ಸಣ್ಣ ಮೀನಿನ ಶೆಡ್, ಸಿಗಡಿ ಸುಲಿಯುವ ಕೆಲಸಕ್ಕೆ ಹೊರ ರಾಜ್ಯದ ಹೆಂಗಸರು ಬರುತ್ತಾರೆ. ಗುತ್ತಿಗೆದಾರನಿಗೆ ಮುಂಗಡ ಕೊಡುತ್ತೇನೆ, ಅವನೇ ಕರೆತರುತ್ತಾನೆ. ಒಬ್ಬರು ಬಂದು ಇದೂ ಕಳ್ಳಸಾಗಣೆ ಅಂದರು. ದುಡಿಯಲು ಕರೆದರೆ ಅದು ಹೇಗೆ ಕಳ್ಳಸಾಗಣೆ? (ಮಲ್ಪೆ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಇದನ್ನು ಕೇಳುವ ಮಾಲೀಕರು ಕಡಿಮೆ. ದೂರದಿಂದ ಜನ ಕೆಲಸಕ್ಕೆ ಬರುವುದು ಅಪರಾಧ ಅಲ್ಲ. ಮುಂಗಡ ಕೊಟ್ಟದ್ದೂ ಅಪರಾಧ ಅಲ್ಲ. ಆ ಮುಂಗಡದ ಹೆಸರಿನಲ್ಲಿ ಬಿಟ್ಟು ಹೋಗದ ಹಾಗೆ ಕಟ್ಟಿಹಾಕಿದರೆ, ಬೇರೆ ಕಡೆ ಕೆಲಸ ಹುಡುಕಲು ಬಿಡದಿದ್ದರೆ, ಕೂಲಿ ಕಡಿಮೆ ಕೊಟ್ಟು ಸಾಲ ತೀರಿಸಿಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದು ಕಾಯ್ದೆಯಲ್ಲಿ ಆ ಸಾಲವೇ ರದ್ದಾಗುತ್ತದೆ, ದುಡಿಸಿದವರಿಗೆ 3 ವರ್ಷದ ತನಕ ಜೈಲು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ನಿಮ್ಮ ಶೆಡ್ ಯಾವ ಕಡೆ ಉಂಟು ಅಂತ ನೀವೇ ನೋಡಿಕೊಳ್ಳಬಹುದು. ಆ ಹೆಂಗಸರ ಆಧಾರ್ ಕಾರ್ಡ್, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ? ನಾಳೆ ಊರಿಗೆ ಹೋಗುತ್ತೇನೆ ಅಂದರೆ ಗುತ್ತಿಗೆದಾರ ಏನನ್ನುತ್ತಾನೆ? ಅವನ ನೋಟ್‌ಬುಕ್ ಒಮ್ಮೆ ತೆಗೆಸಿ ನೋಡಿ. ನಾನು ಒಂದು ಕಡೆ ನೋಡಿದ ಪುಸ್ತಕದಲ್ಲಿ ಒಬ್ಬಳ ಹೆಸರಿನ ಎದುರು ರೈಲು ಟಿಕೆಟ್, ಅಕ್ಕಿ, ಜ್ವರದ ಮಾತ್ರೆ, ಕೊನೆಗೆ ಸಿಗಡಿ ಸುಲಿಯುವ ಕೈಗವಸಿನ ಹಣ ಕೂಡ ಸಾಲ ಅಂತ ಬರೆದಿತ್ತು. ಕೂಲಿ ಅಂತ ಒಂದು ಸಾಲೂ ಇರಲಿಲ್ಲ. ಮಾಲೀಕರು ತಿಂಗಳು ತಿಂಗಳು ಹಣ ಕೊಟ್ಟಿದ್ದರು, ಅದು ಅವಳಿಗೆ ತಲುಪಿರಲೇ ಇಲ್ಲ.

ಕೂಲಿಯನ್ನು ನೇರ ಅವರ ಖಾತೆಗೆ ಹಾಕಿ. ಜೂನ್ 1ರಿಂದ 61 ದಿನ ಬೋಟ್ ನಿಲ್ಲುತ್ತದಲ್ಲ, ಅದಕ್ಕೆ ಮೊದಲು ಲೆಕ್ಕ ಪೂರ್ತಿ ಮುಗಿಸಿ ಊರಿಗೆ ಕಳಿಸಿ. ಮಳೆಗಾಲದಲ್ಲಿ ಕೆಲಸ ಇಲ್ಲದೆ ಉಳಿದವರ ಸಾಲವೇ ಜಾಸ್ತಿ ಬೆಳೆಯುವುದು. ಜೀತದಲ್ಲಿ ಸಿಕ್ಕಿದವರು ಬೇರೆ ಶೆಡ್‌ನಲ್ಲಿ ಇದ್ದಾರೆ ಅಂತ ನಿಮಗೆ ಗೊತ್ತಿದ್ದರೆ ಕುಂದಾಪುರದ ಎಸಿ ಕಚೇರಿಗೆ ತಿಳಿಸಿ. ಅಲ್ಲಿಂದ ಬಿಡುಗಡೆ ಪ್ರಮಾಣಪತ್ರ ಸಿಕ್ಕಿದರೆ ತಕ್ಷಣಕ್ಕೆ 30,000 ರೂಪಾಯಿ ತನಕ ನೆರವು ಉಂಟು, ಹೆಂಗಸರಿಗೆ, ಮಕ್ಕಳಿಗೆ ಮುಂದೆ 2 ಲಕ್ಷ. ಆ ಒಂದು ಕಾಗದ ಇಲ್ಲದೆ ಊರಿಗೆ ಹೋದವರು ಮತ್ತೆ ಸಾಲ ಮಾಡಿ ಅದೇ ಗುತ್ತಿಗೆದಾರನ ಹತ್ತಿರ ಬರುತ್ತಾರೆ.

ಪ್ರಶ್ನೆ: ಮಗನಿಗೆ ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 80,000 ಸಂಬಳ ಅಂತ ಒಬ್ಬರು ಹೇಳಿದ್ದಾರೆ. ಟಿಕೆಟ್ ಕೂಡ ಅವರದ್ದೇ. ಈಗ ಪ್ರವಾಸಿಯಾಗಿ ಹೋಗಲಿ, ವೀಸಾ ಆಮೇಲೆ ಬದಲಾಯಿಸುವ ಅನ್ನುತ್ತಾರೆ. ಕಳಿಸಬಹುದಾ? (ಕಾರ್ಕಳ)

ಉತ್ತರ: ಬೇಡ. ದಯವಿಟ್ಟು ಕಳಿಸಬೇಡಿ.

ಇದೇ ಮಾತು ನಂಬಿ ಹೋದ ನಮ್ಮ ದೇಶದ ಹುಡುಗರನ್ನು ಗಡಿಯ ಮೇ ಸೋಟ್ ಊರಿನ ಕಡೆ ಕರೆದುಕೊಂಡು ಹೋಗಿ, ಹೊಳೆ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿಯ ಕಾಂಪೌಂಡುಗಳಲ್ಲಿ ಕೂರಿಸಿದ್ದಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು ಫೋನಿನಲ್ಲಿ, ಆನ್‌ಲೈನ್‌ನಲ್ಲಿ ಜನರಿಗೆ ಮೋಸ ಮಾಡುವ ಕೆಲಸ, ಮಾಡದಿದ್ದರೆ ಹೊಡೆತ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಭಾರತೀಯರನ್ನು ಅಲ್ಲಿಂದ ವಾಪಸ್ ತಂದರು. ಗಲ್ಫ್‌ಗೆ ಹೋಗಿ ಬಂದವರು ನಮ್ಮಲ್ಲಿ ಮನೆಮನೆಯಲ್ಲೂ ಇರುವುದರಿಂದ ಪರದೇಶದ ಕೆಲಸ ಅಂದರೆ ನಮಗೆ ಹೆದರಿಕೆ ಕಡಿಮೆ, ಅದನ್ನೇ ಇವರು ಬಳಸಿಕೊಳ್ಳುತ್ತಾರೆ.

ವಿದೇಶಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವನ ಲೈಸೆನ್ಸ್ ನಂಬರ್ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಶುಲ್ಕ 30,000 ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಇಲ್ಲ. ನಿಮಗೆ ಹೇಳಿದವರ ಹತ್ತಿರ ಆ ನಂಬರ್ ಕೇಳಿ ನೋಡಿ. ಕೊಡದೆ ಬೇರೆ ಮಾತು ತೆಗೆದರೆ ಅವರ ಫೋನ್ ನಂಬರ್, ಮೆಸೇಜ್ ಏನನ್ನೂ ಅಳಿಸದೆ ಸೈಬರ್ ಪೊಲೀಸ್ ಠಾಣೆಗೆ ಕೊಡಿ. ನಿಮ್ಮ ಮಗ ಹೋಗದಿದ್ದರೆ ಪಕ್ಕದ ಮನೆಯ ಹುಡುಗನನ್ನು ಕೇಳುತ್ತಾರೆ.

ಪ್ರಶ್ನೆ: ನಾನು ಐದು ವರ್ಷದಿಂದ ಇಂಥ ಒಂದು ಯೋಜನೆಯ ಫೀಲ್ಡ್ ಕಾರ್ಯಕರ್ತೆ. ರಕ್ಷಣೆ ಮಾಡಿದ ಒಬ್ಬಳು ಅಕ್ಕ, ಪ್ರಾಯ 26, ಆಶ್ರಯ ಕೇಂದ್ರದಲ್ಲಿ ಇರುವುದಿಲ್ಲ ಅಂತ ಹಠ ಹಿಡಿದು ಹೋದಳು, ನನಗೆ ಬೈದೂ ಹೋದಳು. ಎಲ್ಲ ನೀರಿನಲ್ಲಿ ಹೋಮ ಅನ್ನಿಸುತ್ತದೆ. ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. (ಉಡುಪಿ)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬೈಸಿಕೊಂಡವರಿಗೇ ಗೊತ್ತು ಅದು ಎಷ್ಟು ದಿನ ಕಿವಿಯಲ್ಲಿ ಉಳಿಯುತ್ತದೆ ಅಂತ.

ಆದರೂ ಆ ಅಕ್ಕನ ಕಡೆಯಿಂದ ಒಮ್ಮೆ ನೋಡಿ. ಅವಳು ದೊಡ್ಡವಳು. ಒಬ್ಬರು ಅವಳನ್ನು ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದರು, ಬಿಡಿಸಿದ ನಾವು ಮತ್ತೆ ಬೀಗ ಇರುವ ಇನ್ನೊಂದು ಕಟ್ಟಡದಲ್ಲಿ ಇಟ್ಟೆವು. ಇಷ್ಟವಿಲ್ಲದೆ ಆಶ್ರಯ ಕೇಂದ್ರಗಳಲ್ಲಿ ಇರಿಸಿರುವ ವಯಸ್ಕ ಹೆಂಗಸರ ವಿಷಯ ಮತ್ತೆ ಪರಿಶೀಲಿಸಿ ಬಿಡುಗಡೆಗೆ ಕ್ರಮ ತೆಗೆದುಕೊಳ್ಳಿ ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದಕ್ಕೇ. ಮಕ್ಕಳ ವಿಷಯ ಬೇರೆ, ಅಲ್ಲಿ ಸಮಿತಿ ಹೇಳಿದ ಹಾಗೆ. ದೊಡ್ಡವರಿಗೆ ನಾವು ಕೊಡಬಹುದಾದದ್ದು ವಕೀಲರು, ಪರಿಹಾರಕ್ಕೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ, ಮತ್ತೆ ಒಂದು ಫೋನ್ ನಂಬರ್. ಅವಳು ಬೇಡ ಅಂದದ್ದು ಆ ಕಟ್ಟಡವನ್ನು. ನಿಮ್ಮನ್ನೇ ಬೇಡ ಅಂದಳು ಅಂತ ತೆಗೆದುಕೊಳ್ಳಬೇಡಿ.

ನನಗೂ ಒಬ್ಬಳು ಹೀಗೆಯೇ ಬೈದು ಹೋಗಿದ್ದಳು, ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರ ಎದುರು. ನಾಲ್ಕು ವರ್ಷ ಆದ ಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನ್. ದನಿ ಗುರುತು ಸಿಗಲಿಲ್ಲ. "ನಿಮ್ಮ ನಂಬರ್ ಬಾಯಿಪಾಠ ಇತ್ತು" ಅಂದಳು. ತನ್ನ ತಂಗಿಯನ್ನು ಅದೇ ಮನುಷ್ಯ ಕೆಲಸಕ್ಕೆ ಅಂತ ಕೇಳುತ್ತಿದ್ದಾನೆ, ನಾಳೆ ಬೆಳಿಗ್ಗೆ ಬಸ್ಸು, ಏನು ಮಾಡಲಿ ಅಂತ. ಆ ರಾತ್ರಿಯೇ ಆ ಜಿಲ್ಲೆಯ ಪೊಲೀಸರಿಗೆ ತಿಳಿಸಿದೆವು, ತಂಗಿ ಬಸ್ಸು ಹತ್ತಲಿಲ್ಲ. ಅವನ ಮೇಲೆ ಮೊದಲ ಹೇಳಿಕೆ ಕೊಟ್ಟದ್ದೂ ಇವಳೇ.

ಕೆಲಸ ಬಿಡುವುದಾದರೆ ಬಿಡಿ, ಐದು ವರ್ಷ ಸಣ್ಣ ಮಾತಲ್ಲ. ಆದರೆ ಆ ಅಕ್ಕನಿಗೆ ನೀವು ಕೊಟ್ಟ ನಂಬರ್ ನಿಮ್ಮ ಸ್ವಂತದ್ದಾ, ಯೋಜನೆಯದ್ದಾ? ಸ್ವಂತದ್ದಾದರೆ ಆ ಸಿಮ್ ಅನ್ನು ಸಂಸ್ಥೆಯ ಹೆಸರಿಗೆ ಮಾಡಿಸಿ, ರೀಚಾರ್ಜ್ ನಿಲ್ಲದ ಹಾಗೆ ಬಜೆಟ್‌ನಲ್ಲಿ ಬರೆಸಿ, ರಾತ್ರಿ ಆ ಫೋನ್ ಯಾರು ತೆಗೆಯುತ್ತಾರೆ ಅಂತ ಹೆಸರು ಹಾಕಿಸಿ. ಅಷ್ಟು ಮಾಡಿ ಆಮೇಲೆ ಹೋಗಿ.