ಮೂರು ಬೊಂಡ ಕುಡಿದರೂ ತಲೆನೋವು ಬಿಡುತ್ತಿಲ್ಲವೇ?

ಕುಂಬಳೆಯ ಓಟಗಾರರು, ಬದಿಯಡ್ಕದ ಕಬಡ್ಡಿ ಹುಡುಗರು, ಕಾಸರಗೋಡಿನಿಂದ ಮಂಗಳೂರಿಗೆ ಸೈಕಲ್ ತುಳಿದು ಸಂಜೆಯೊಳಗೆ ವಾಪಸ್ ಬರುವವರು, ಪೊಸಡಿಗುಂಪೆ ಹತ್ತುವವರು. ಪ್ರಶ್ನೆ ಕಳಿಸಿದವರು ಬೇರೆ ಬೇರೆ, ಆದರೆ ಅರ್ಧಕ್ಕಿಂತ ಜಾಸ್ತಿ ಜನ ಕೇಳಿದ್ದು ಒಂದನ್ನೇ. ನಾಲ್ಕು ವರ್ಷದಿಂದ ಇದಕ್ಕೆ ಉತ್ತರ ಹೇಳುತ್ತಲೇ ಇದ್ದೇನೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವಕ್ಕೆ ಚುಟುಕು ಉತ್ತರ ಸಾಕು.

ಪ್ರಶ್ನೆ: ನನಗೆ 34 ವರ್ಷ, ತೂಕ 60 ಕಿಲೋ. ಭಾನುವಾರ ಬೆಳಗ್ಗೆ 21 ಕಿ.ಮೀ. ಓಡುತ್ತೇನೆ, ಎರಡೂವರೆ ಗಂಟೆ ಹಿಡಿಯುತ್ತದೆ. ಬಂದ ಕೂಡಲೇ ಮೂರು ಬೊಂಡ (ಎಳನೀರು), ಅದರ ಮೇಲೆ ಎರಡು ಲೀಟರ್ ನೀರು ಕುಡಿಯುತ್ತೇನೆ. ಹಸಿವೆ ಇರುವುದಿಲ್ಲ, ಊಟ ಮಧ್ಯಾಹ್ನವೇ. ಅಷ್ಟರಲ್ಲಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ನೀರು ಸಾಲದೆ ಹೀಗಾಗುತ್ತಿದೆ ಎಂದು ಗೆಳೆಯರು ಹೇಳುತ್ತಾರೆ. ಇನ್ನೂ ಎಷ್ಟು ಕುಡಿಯಬೇಕು?

ಇನ್ನು ಕುಡಿಯಬೇಡಿ. ನೀರು ಸಾಕಷ್ಟು ಹೋಗಿದೆ. ಹೋಗದೇ ಇರುವುದು ಉಪ್ಪು ಮತ್ತು ಅನ್ನ.

ನಮ್ಮ ಕರಾವಳಿಯ ಬೆಳಗನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬಿಸಿಲು ಏರುವ ಮೊದಲೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ನೆ ಹರಿದು ಬೀಳುತ್ತದೆ. ಆರದ ಬೆವರಿನಿಂದ ಮೈ ತಣಿಯುವುದಿಲ್ಲ. ಮೈ ತಣಿಯದ್ದಕ್ಕೆ ದೇಹ ಇನ್ನಷ್ಟು ಬೆವರು ಸುರಿಸುತ್ತದೆ. ನಿಮ್ಮ ತೂಕದವರು ಗಂಟೆಗೆ ಒಂದು ಲೀಟರ್ ಬೆವರುವುದು ಇಲ್ಲಿ ಸಾಮಾನ್ಯ. ಎರಡೂವರೆ ಗಂಟೆಗೆ ಎರಡೂವರೆ ಲೀಟರ್ ಆಯಿತು. ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡೂವರೆ ಗ್ರಾಂ ಅಡುಗೆ ಉಪ್ಪು. ಕೆಲವರಲ್ಲಿ ಇದಕ್ಕಿಂತ ತುಂಬಾ ಜಾಸ್ತಿ. ಓಡಿ ಬಂದ ಮೇಲೆ ನಿಮ್ಮ ಟೋಪಿಯ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದಾ? ಹಾಗಿದ್ದರೆ ನೀವೂ ಆ ಗುಂಪಿನವರು. ಒಟ್ಟಿನಲ್ಲಿ ಒಂದೇ ಬೆಳಗಿಗೆ ಒಂದು ಚಮಚಕ್ಕಿಂತ ಹೆಚ್ಚು ಉಪ್ಪು ಮೈಯಿಂದ ಇಳಿದು ಹೋಗಿದೆ.

ಈಗ ಬೊಂಡದ ವಿಷಯ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ಎಳನೀರಿನ ಮೇಲೆ ನಮಗೆ ಪ್ರೀತಿ ಇರುವುದು ಸಹಜ, ನನಗೂ ಇದೆ. ಆದರೆ "ಬೊಂಡದಲ್ಲಿ ಎಲ್ಲಾ ಲವಣವೂ ಇದೆ" ಎಂಬ ಮಾತನ್ನು ದಯವಿಟ್ಟು ಬಿಡಿ. ಅದರಲ್ಲಿ ಧಾರಾಳವಾಗಿ ಇರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಮೂರು ಬೊಂಡ ಕುಡಿದರೆ ಬೆವರಿನಲ್ಲಿ ಹೋದದ್ದಕ್ಕಿಂತ ಹಲವು ಪಟ್ಟು ಪೊಟ್ಯಾಸಿಯಂ ಸಿಗುತ್ತದೆ. ಸೋಡಿಯಂ ಮಾತ್ರ ಸಾಲುವುದಿಲ್ಲ. ಸಕ್ಕರೆ ಅಂಶವೂ ಒಂದು ಬೊಂಡಕ್ಕೆ ಹತ್ತು ಹದಿನೈದು ಗ್ರಾಂ ಅಷ್ಟೇ. ಎರಡೂವರೆ ಗಂಟೆ ಓಡಿದವರಿಗೆ ಅದು ಯಾವ ಮೂಲೆಗೂ ಸಾಲದು.

ಉಪ್ಪಿಲ್ಲದ ನೀರನ್ನು ಒಟ್ಟಿಗೆ ಸುರಿದುಕೊಂಡಾಗ ಎರಡರಲ್ಲಿ ಒಂದು ಆಗುತ್ತದೆ. ಹೆಚ್ಚಿನವರಲ್ಲಿ ರಕ್ತ ತೆಳುವಾದದ್ದು ಕಂಡು ಕಿಡ್ನಿ ನೀರನ್ನು ಹೊರಗೆ ಹಾಕುತ್ತದೆ. ನಾಲ್ಕು ಸಲ ಮೂತ್ರಕ್ಕೆ ಹೋಗಿ ಬರುತ್ತೀರಿ, ಕುಡಿದದ್ದರಲ್ಲಿ ಬಹುಪಾಲು ಅಲ್ಲಿಗೇ ಮುಗಿಯಿತು. ಕೆಲವರಲ್ಲಿ ಇದರ ಉಲ್ಟಾ. ದೀರ್ಘ ಓಟದ ದಣಿವಿನಲ್ಲಿ ದೇಹ ನೀರು ಹಿಡಿದಿಡುವ ಹಾರ್ಮೋನನ್ನು ನಿಲ್ಲಿಸುವುದೇ ಇಲ್ಲ. ಕುಡಿದದ್ದೆಲ್ಲ ಒಳಗೇ ನಿಲ್ಲುತ್ತದೆ. ರಕ್ತದ ಸೋಡಿಯಂ ಇಳಿಯುತ್ತದೆ, ಮಿದುಳು ಊದಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಮತ್ತೆ ಗೊಂದಲದ ಮಾತು, ಕೊನೆಗೆ ಫಿಟ್ಸ್. ಇದು ಅಪರೂಪದ ಕಥೆ ಎಂದು ತಳ್ಳಿಹಾಕಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದರು. ಶೇಕಡಾ 13 ಮಂದಿಯ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಹೋದದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಈ ತೊಂದರೆ ಎದ್ದು ಕಾಣುತ್ತಿತ್ತು.

ನಾನು ಈ ವಿಷಯದಲ್ಲಿ ಯಾಕೆ ಇಷ್ಟು ಗಟ್ಟಿಯಾಗಿ ಮಾತಾಡುತ್ತೇನೆ ಎಂದು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಓಟದ ಕೊನೆಯಲ್ಲಿ ವೈದ್ಯಕೀಯ ಸಹಾಯಕ್ಕೆ ನಿಂತಿದ್ದೆ. ಒಬ್ಬ ಹುಡುಗ ಕುಸಿದು ಕೂತ. ನಾನು ಬೇರೆಯವರನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಗೆಳೆಯರು ಅವನಿಗೆ ಬಾಟಲಿ ಮೇಲೆ ಬಾಟಲಿ ನೀರು ಕುಡಿಸಿ, ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ಪರೀಕ್ಷೆಯನ್ನೂ ಮಾಡದೆ "ಸುಸ್ತು" ಎಂದು ಗ್ಲೂಕೋಸ್ ಡ್ರಿಪ್ ಹಾಕಿದರು. ಅರ್ಧ ಗಂಟೆಯಲ್ಲಿ ಫಿಟ್ಸ್ ಬಂತು. ದೊಡ್ಡ ಆಸ್ಪತ್ರೆಗೆ ಮುಟ್ಟಿಸಿ ನೋಡಿದಾಗ ಸೋಡಿಯಂ 119. ಇರಬೇಕಾದ್ದು 135ರಿಂದ 145. ಹುಡುಗ ಬದುಕಿದ. ಐ.ಸಿ.ಯು. ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮನನ್ನು ನಾನು ಮರೆತಿಲ್ಲ.

ಆ ಡ್ರಿಪ್‌ನಲ್ಲಿ ಇರುವುದಾದರೂ ಏನು? ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್. ಒಂದು ನೇಂದ್ರ ಬಾಳೆಹಣ್ಣು ತಿಂದರೆ ಅಷ್ಟು ಸಿಗುತ್ತದೆ. ಉಳಿದದ್ದು ಬರೀ ನೀರು, ಉಪ್ಪು ಇಲ್ಲವೇ ಇಲ್ಲ. ಸೋಡಿಯಂ ಇಳಿದವರಿಗೆ ಅದು ಅಪಾಯ, ಸೋಡಿಯಂ ಸರಿ ಇದ್ದವರಿಗೆ ದಂಡ. ಸುಸ್ತಾಯಿತು ಎಂದು ಬಂದವರಿಗೆಲ್ಲ ಬಾಟಲಿ ನೇತುಹಾಕಿ ದುಡ್ಡು ತೆಗೆದುಕೊಳ್ಳುವವರ ಹತ್ತಿರ ಹೋಗಬೇಡಿ. ಓಟದ ನಂತರ ಯಾರಾದರೂ ಗೊಂದಲದಿಂದ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ಉಂಗುರ ಬಿಗಿಯಾಗುವಷ್ಟು ಕೈ ಊದಿದ್ದರೆ ಬಾಯಿಗೆ ನೀರು ಹಾಕುವುದನ್ನು ನಿಲ್ಲಿಸಿ. ಪರೀಕ್ಷೆಯ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ "ಮೊದಲು ಸೋಡಿಯಂ ನೋಡಿ" ಎಂದು ಬಾಯಿಬಿಟ್ಟು ಹೇಳಿ.

ಸರಿ, ಈಗ ನೀವು ಮಾಡಬೇಕಾದ್ದು. ಮುಂದಿನ ಭಾನುವಾರ ಹೊರಡುವ ಮೊದಲು ತೂಕ ನೋಡಿ. ಬಂದ ಮೇಲೆ ಮೈ ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದೂಕಾಲರಿಂದ ಒಂದೂವರೆ ಲೀಟರ್ ವಾಪಸ್ ಹೋಗಬೇಕು. ಅದೂ ಎರಡರಿಂದ ನಾಲ್ಕು ಗಂಟೆಯಲ್ಲಿ, ಗುಟುಕು ಗುಟುಕಾಗಿ, ಉಪ್ಪಿನ ಜೊತೆಗೆ. ತೂಕ ಇಳಿದೇ ಇಲ್ಲ, ಅಥವಾ ಏರಿದೆ ಎಂದಾದರೆ ನೀವು ದಾರಿಯಲ್ಲೇ ಜಾಸ್ತಿ ಕುಡಿದಿದ್ದೀರಿ. ಆಗ ಬಾಯಾರಿದರೆ ಮಾತ್ರ ಕುಡಿಯಿರಿ.

ಮನೆಯಲ್ಲಿ ಮೊದಲೇ ಗಂಜಿ ಬೇಯಿಸಿ ಇಡಲು ಹೇಳಿ. ಇಲ್ಲದಿದ್ದರೆ ನೀವೇ ಶನಿವಾರ ರಾತ್ರಿ ಮಾಡಿಡಿ. ಬಂದು ಕೂತ ಕೂಡಲೇ ಎಲ್ಲರಿಗೂ ಅನ್ನ ಸೇರುವುದಿಲ್ಲ, ಅದು ಸಹಜ. ಮೊದಲು ಒಂದು ಲೋಟ ಗಂಜಿ ತೆಳಿಗೆ ಉಪ್ಪು ಹಾಕಿ ಕುಡಿಯಿರಿ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಕರುಳಿನ ಗೋಡೆಯನ್ನು ಒಂದೇ ಬಾಗಿಲಿನಿಂದ ಜೊತೆಯಾಗಿ ದಾಟುತ್ತವೆ, ನೀರು ಅವುಗಳ ಬೆನ್ನಿಗೆ ಬರುತ್ತದೆ. ಓ.ಆರ್.ಎಸ್. ಕೆಲಸ ಮಾಡುವುದೂ ಹೀಗೆಯೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರಿನಿಂದಲೇ ಸಾವಿರಾರು ಕಾಲರಾ ರೋಗಿಗಳ ಜೀವ ಉಳಿಸಿದರು. ನಮ್ಮ ಅಜ್ಜಿಯಂದಿರು ಜ್ವರ, ಭೇದಿಗೆ ಗಂಜಿ ತೆಳಿ ಕುಡಿಸುತ್ತಿದ್ದರಲ್ಲ, ಅದರಲ್ಲೂ ಇದೇ ಗುಣ ಇದೆ.

ಅರ್ಧ ಗಂಟೆ ಬಿಟ್ಟು ಊಟ. 60 ಕಿಲೋ ತೂಕದವರಿಗೆ ಈ ಹೊತ್ತಿನಲ್ಲಿ ಕನಿಷ್ಠ 60 ಗ್ರಾಂ ಕಾರ್ಬೋಹೈಡ್ರೇಟ್, 20 ಗ್ರಾಂ ಪ್ರೋಟೀನ್ ಬೇಕು. 70 ಗ್ರಾಂ ಕುಚ್ಚಲಕ್ಕಿಯ ಗಂಜಿ, 40 ಗ್ರಾಂ ಹೆಸರುಕಾಳಿನ ಪಲ್ಯ ಇಟ್ಟುಕೊಳ್ಳಿ. ಕಾರ್ಬೋಹೈಡ್ರೇಟ್ 80 ಗ್ರಾಂ ಹತ್ತಿರ ಆಯಿತು, ಪ್ರೋಟೀನ್ 15 ಗ್ರಾಂ. ಅದಕ್ಕೆ ಒಂದು ಮೊಟ್ಟೆ, ಇಲ್ಲವೇ ಎರಡು ಬೂತಾಯಿ. ಮೀನು ಮೊಟ್ಟೆ ತಿನ್ನದವರು ಒಂದು ದೊಡ್ಡ ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರು ಸೇರಿಸಿ. ಗಂಜಿಗೆ ಅರ್ಧ ಚಮಚ ಉಪ್ಪು, ಬದಿಗೆ ಮಿಡಿ ಉಪ್ಪಿನಕಾಯಿ. ಉಳಿದ ಉಪ್ಪು ಮಧ್ಯಾಹ್ನದ ಸಾರು, ಸಂಜೆಯ ಮಜ್ಜಿಗೆಯಲ್ಲಿ ತಾನಾಗಿ ಬರುತ್ತದೆ. ಹಪ್ಪಳ ಇದ್ದರೆ ಅದೂ ಸೇರಲಿ. ಈ ಒಂದು ದಿನ ಉಪ್ಪಿಗೆ ಹೆದರಬೇಡಿ. ಗಂಜಿ ಬೇಡವೆಂದರೆ ಪುಟ್ಟು ಕಡಲೆಯೂ ಆಗುತ್ತದೆ, ಆದರೆ ಅದರಲ್ಲಿ ನೀರಿನಂಶ ಕಡಿಮೆ.

ಬೊಂಡವನ್ನು ಬಿಡಬೇಕಾಗಿಲ್ಲ. ಒಂದು ಕುಡಿಯಿರಿ, ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ. ಮಲೇಷ್ಯಾದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಡಿಯಂ ಸೇರಿಸಿದ ಎಳನೀರು ಸ್ಪೋರ್ಟ್ಸ್ ಡ್ರಿಂಕಿನಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಪುನರ್ಪುಳಿ ಶರಬತ್ತಿಗೂ ಇದೇ ಮಾತು. ಬೆಲ್ಲದ ಜೊತೆಗೆ ಉಪ್ಪೂ ಇರಲಿ.

ಮೂರು ಭಾನುವಾರ ಹೀಗೆ ಮಾಡಿ ನೋಡಿ. ಆಮೇಲೂ ತಲೆನೋವು ಬಂದರೆ ಬಿ.ಪಿ. ಮತ್ತು ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮುಗಿದ 30 ನಿಮಿಷದೊಳಗೆ ತಿನ್ನದಿದ್ದರೆ ಎಲ್ಲಾ ವ್ಯರ್ಥವೇ?

ಅಲ್ಲ. ಅದೇ ದಿನ ಮತ್ತೆ ಆಡಲಿಕ್ಕಿದ್ದರೆ ಮಾತ್ರ ಅವಸರ ಬೇಕು. ಬೆಳಗ್ಗೆ ಒಂದು ಪಂದ್ಯ, ಸಂಜೆ ಸೆಮಿಫೈನಲ್ ಇರುವ ಕಬಡ್ಡಿ ಆಟಗಾರರು ಮೊದಲ ನಾಲ್ಕು ಗಂಟೆ, ಗಂಟೆಗೊಮ್ಮೆ ಕಿಲೋ ತೂಕಕ್ಕೆ 1 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಿರಬೇಕು. ಬಾಳೆಹಣ್ಣು, ಅವಲಕ್ಕಿ, ನೀರ್ ದೋಸೆ ಬೆಲ್ಲ, ಯಾವುದಾದರೂ ಆಗುತ್ತದೆ. ಮರುದಿನ ವಿಶ್ರಾಂತಿ ಇರುವವರು ಒಂದೆರಡು ಗಂಟೆಯೊಳಗೆ ನೆಮ್ಮದಿಯಾಗಿ ಊಟ ಮಾಡಿ.

ಪ್ರಶ್ನೆ: ಪ್ರೋಟೀನ್ ಪುಡಿ ಬೇಕೇ ಬೇಕಾ?

ಬೇಡ. ಮೇಲಿನ ಹೆಸರುಕಾಳಿನ ಲೆಕ್ಕ ಇನ್ನೊಮ್ಮೆ ಓದಿ.

ಪ್ರಶ್ನೆ: ಓಡಿದ ಮೇಲೆ ತಣ್ಣೀರು ಕುಡಿದರೆ ಎದೆ ಹಿಡಿಯುತ್ತದೆ ಅಂತಾರೆ, ನಿಜವಾ?

ಸುಳ್ಳು. ಸೆಕೆಯಲ್ಲಿ ತಣ್ಣಗಿನ ನೀರು ಒಳ್ಳೆಯದೇ. ಆದರೆ ಓಡುವಾಗಲೋ ಓಡಿದ ಮೇಲೋ ಎದೆ ನೋವು ಬಂದರೆ ನೀರಿನ ಮೇಲೆ ತಪ್ಪು ಹೊರಿಸದೆ ಇ.ಸಿ.ಜಿ. ಮಾಡಿಸಿ.

ಪ್ರಶ್ನೆ: ಮೈಕೈ ನೋವಿಗೆ ಲ್ಯಾಕ್ಟಿಕ್ ಆ್ಯಸಿಡ್ ಕಾರಣವಂತೆ. ಅದನ್ನು ತೆಗೆಯಲು ಏನು ಕುಡಿಯಬೇಕು?

ಏನೂ ಬೇಡ. ಅದು ಒಂದೆರಡು ಗಂಟೆಯೊಳಗೆ ತಾನಾಗಿ ಹೋಗಿರುತ್ತದೆ. ಮರುದಿನದ ನೋವು ಸ್ನಾಯುವಿನ ಸಣ್ಣ ಹಾನಿಯಿಂದ, ಗುಡ್ಡ ಇಳಿಯುವಾಗ ಅದು ಜಾಸ್ತಿ ಆಗುತ್ತದೆ. ಪೊಸಡಿಗುಂಪೆಯಿಂದ ಓಡಿ ಇಳಿಯಬೇಡಿ.

ಪ್ರಶ್ನೆ: ಉದ್ದ ಸೈಕಲ್ ಸವಾರಿ ಮುಗಿಸಿ ಒಂದು ನೋವಿನ ಮಾತ್ರೆ ತಿಂದು ಮಲಗುತ್ತೇನೆ. ಬೆಳಗ್ಗೆ ಹಗುರ ಅನಿಸುತ್ತದೆ. ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. ನೂರು ಕಿ.ಮೀ. ತುಳಿದು ನೀರಿನಂಶ ಇಳಿದಾಗ ಕಿಡ್ನಿಗೆ ರಕ್ತ ಕಡಿಮೆ ಹೋಗುತ್ತಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಅದನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ನೀರು ಉಳಿಯುವಂತೆ ಮಾಡಿ ಸೋಡಿಯಂ ಇಳಿಯಲೂ ಕಾರಣವಾಗಬಹುದು. ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಟ್ಟರು ಎಂದ ಮಾತ್ರಕ್ಕೆ ಅದು ಚಾಕಲೇಟ್ ಅಲ್ಲ. ಆ ದಿನ ಮತ್ತು ಮರುದಿನ ಬೇಡವೇ ಬೇಡ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಕಿಡ್ನಿಗೆ ಇಳಿಯುತ್ತಿದೆ ಎಂದು ಅರ್ಥ. ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕಳ್ಳು ಕುಡಿದರೆ ದಣಿವು ಆರುತ್ತದೆ ಎನ್ನುತ್ತಾರೆ.

ದಣಿವು ಮರೆಯುತ್ತದೆ, ಆರುವುದಿಲ್ಲ. ಆಲ್ಕೋಹಾಲ್ ಮೂತ್ರ ಹೆಚ್ಚಿಸುತ್ತದೆ, ಸ್ನಾಯು ರಿಪೇರಿಯನ್ನು ನಿಧಾನ ಮಾಡುತ್ತದೆ.

ಪ್ರಶ್ನೆ: ನನಗೆ 26 ವರ್ಷ. ತೂಕ ಇಳಿಸಲು ಓಡುತ್ತೇನೆ. ಓಡಿದ ಮೇಲೆ ತಿಂದರೆ ಕರಗಿದ ಕೊಬ್ಬು ವಾಪಸ್ ಬರುತ್ತದೆ ಎಂದು ಜಿಮ್ಮಿನಲ್ಲಿ ಹೇಳಿದರು. ಮಧ್ಯಾಹ್ನದವರೆಗೆ ನಿಂಬೆ ನೀರು ಮಾತ್ರ. ಎಂಟು ಕಿಲೋ ಇಳಿದಿದೆ. ನಾಲ್ಕು ತಿಂಗಳಿಂದ ಮುಟ್ಟು ಆಗಿಲ್ಲ. ಇದು ಸರಿಯಾಗುತ್ತದಾ?

ಸರಿಯಾಗುತ್ತದೆ, ಆದರೆ ನೀವು ಇವತ್ತೇ ಬೆಳಗಿನ ಊಟ ಶುರು ಮಾಡಬೇಕು. ಹಾಗೆ ಹೇಳಿದವರಿಗೆ ಹೆಣ್ಣಿನ ದೇಹದ ಬಗ್ಗೆ ಏನೂ ಗೊತ್ತಿಲ್ಲ. ಓಡಿದ್ದಕ್ಕೆ ತಕ್ಕ ಆಹಾರ ಸಿಗದಿದ್ದಾಗ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ, ಅದರ ಹಿಂದೆ ಮೂಳೆ ಸವೆಯುತ್ತದೆ. ಆಮೇಲೆ ಪಾದದ ಮೂಳೆಯಲ್ಲಿ ಬಿರುಕು ಬಂದು ಓಟವೇ ನಿಂತವರನ್ನು ನೋಡಿದ್ದೇನೆ. ಒಂದು ತಿಂಗಳು ಓಟ ಅರ್ಧಕ್ಕೆ ಇಳಿಸಿ. ಸ್ತ್ರೀರೋಗ ತಜ್ಞರನ್ನು ಕಾಣಿ, ಬೇರೆ ಕಾರಣ ಇದೆಯೇ ಎಂದು ಅವರು ನೋಡಬೇಕು. ಮುಟ್ಟು ಬರುವ ಹಾಗೆ ಮಾತ್ರೆ ಮಾತ್ರ ಬರೆದುಕೊಟ್ಟು ಊಟದ ವಿಷಯ ಕೇಳದಿದ್ದರೆ ಇನ್ನೊಬ್ಬರನ್ನು ಕಾಣಿ.

ಪ್ರಶ್ನೆ: ನನಗೆ 58. ಬಿ.ಪಿ.ಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ದಿನಾ ಒಂದು ಗಂಟೆ ನಡೆದು ಎರಡು ಬೊಂಡ ಕುಡಿಯುತ್ತೇನೆ.

ಮೇಲೆ ಉಪ್ಪಿನ ಬಗ್ಗೆ ಬರೆದದ್ದು ನಿಮಗಲ್ಲ. ಒಂದು ಗಂಟೆ ನಡೆದವರಿಗೆ ಬೇಕಾದ ಉಪ್ಪು ಮಾಮೂಲಿ ಊಟದಲ್ಲೇ ಇದೆ. ನಿಮ್ಮ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಜಾತಿಯದು, ಬೊಂಡವೂ ಅದನ್ನೇ ಮಾಡುತ್ತದೆ. ಕಿಡ್ನಿ ಸ್ವಲ್ಪ ಸೋತಿದ್ದರೆ ಹೃದಯದ ಬಡಿತ ತಪ್ಪಬಹುದು. ಈ ವಾರ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ರಿಪೋರ್ಟ್ ಬರುವವರೆಗೆ ನಡೆದು ಬಂದ ಮೇಲೆ ಬರೀ ನೀರು ಕುಡಿಯಿರಿ.