ಆ ರಾತ್ರಿ ನಿಮ್ಮ ಪಕ್ಕದಲ್ಲಿ ಯಾರಿರುತ್ತಾರೆ?

ಓದುಗರ ಪತ್ರ: ನನಗೀಗ 57 ವರ್ಷ. ಎರಡು ವರ್ಷಗಳಲ್ಲಿ 16 ಕಿಲೋ ತೂಕ ಇಳಿಸಿದೆ. ಮೈ ಹಗುರವಾಯಿತು, ಮುಖ ಮಾತ್ರ ಜೋತುಬಿತ್ತು. ಕಂಡವರೆಲ್ಲ ‘ಹುಷಾರಿಲ್ಲವೇ?’ ಎಂದು ಕೇಳುತ್ತಾರೆ. ಜೋತುಬಿದ್ದ ಮುಖವನ್ನು ಎತ್ತಿ ಕಟ್ಟುವ ಶಸ್ತ್ರಚಿಕಿತ್ಸೆ, ಫೇಸ್‌ಲಿಫ್ಟ್, ಮಾಡಿಸಿಕೊಳ್ಳಲು ನಿಶ್ಚಯಿಸಿದ್ದೇನೆ. ಮನೆಯಲ್ಲಿ ಹೇಳುವುದಿಲ್ಲ. ಗೆಳತಿಯ ಊರಿಗೆ ಹೋಗುತ್ತೇನೆಂದು ಹೊರಟು ಹತ್ತು ದಿನ ಲಾಡ್ಜ್‌ನಲ್ಲಿ ಒಬ್ಬಳೇ ಇದ್ದು ಬರುತ್ತೇನೆ. ಅದಾಗಿ ಎರಡು ವಾರಕ್ಕೆ ಮಗನ ಮದುವೆ. ಹೃದಯದ ಡಾಕ್ಟರು ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ನಾನೇ ನಿಲ್ಲಿಸಿದ್ದೇನೆ. ಇನ್ನೇನು ತಿಳಿದಿರಬೇಕು? ಈ ವಯಸ್ಸಿನಲ್ಲಿ ಇದು ಅತಿಯಾಯಿತೇ? (ಹೆಸರು ಬೇಡ)

ಸಂಪಾದಕರ ಉತ್ತರ:

ಆತ್ಮೀಯರೇ,

ಆಸ್ಪಿರಿನ್ ಬಗ್ಗೆ ನಿಮ್ಮ ಪತ್ರ ತಲುಪಿದ ದಿನವೇ ಪ್ರತ್ಯೇಕವಾಗಿ ಬರೆದಿದ್ದೆ. ಇಲ್ಲಿ ಮತ್ತೆ ಬರೆಯುತ್ತಿರುವುದು ಉಳಿದ ಓದುಗರಿಗಾಗಿ. ಆ ಮಾತ್ರೆಯಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ಹೆಚ್ಚಬಹುದು, ನಿಜ. ಆದರೆ ಹೃದಯಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಬಹುದೇ, ನಿಲ್ಲಿಸಿದರೆ ಎಷ್ಟು ದಿನ ಎಂದು ಹೇಳಬೇಕಾದವರು ಅದನ್ನು ಕೊಟ್ಟ ವೈದ್ಯರೇ ಹೊರತು ನಾವು ನೀವಲ್ಲ. ಅವರು ‘ನಿಲ್ಲಿಸಲೇಬಾರದು’ ಎಂದರೆ ಫೇಸ್‌ಲಿಫ್ಟ್ ಆಸೆಯನ್ನೇ ಬಿಡಬೇಕಾಗಬಹುದು. ಅದಕ್ಕೂ ಮನಸ್ಸು ಸಿದ್ಧವಿರಲಿ. ಇನ್ನು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆಯ ಗುಳಿಗೆ, ಗಿಡಮೂಲಿಕೆಯ ಪುಡಿಗಳು: ಇವನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಇವುಗಳಲ್ಲೂ ರಕ್ತಸ್ರಾವ ಹೆಚ್ಚಿಸುವಂಥವು ಇವೆ. ಒಂದನ್ನೂ ಬಿಡದೆ ಪಟ್ಟಿ ಮಾಡಿ ಸರ್ಜನ್ ಕೈಗೆ ಕೊಡಿ.

ಅತಿಯಾಯಿತೇ ಎಂದು ಕೇಳಿದ್ದೀರಿ. ಇಲ್ಲ. ನಿಮ್ಮ ಮುಖ, ನಿಮ್ಮ ಇಷ್ಟ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಆ ಲಾಡ್ಜಿನ ಮಾತು. ಹತ್ತು ವರ್ಷಗಳ ಹಿಂದೆ ನನ್ನ ಆಪ್ತ ಗೆಳತಿಯೊಬ್ಬಳು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಅವಳೂ ನನ್ನೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಸಂಜೆಯೇ ಮನೆಗೆ ಕಳುಹಿಸಿಕೊಟ್ಟರು. ನೆತ್ತಿಯಿಂದ ಗದ್ದದವರೆಗೆ ಬ್ಯಾಂಡೇಜು, ಕಿವಿಯ ಹಿಂದಿನಿಂದ ಇಳಿಬಿದ್ದ ತೆಳು ನಳಿಕೆ, ಅದರ ತುದಿಯಲ್ಲಿ ಕೆಂಪು ನೀರು ತುಂಬಿಕೊಳ್ಳುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಬುರುಡೆ. ದಿಂಬುಗಳನ್ನು ಎತ್ತರಿಸಿ ಮಲಗಿಸಿ, ನಾನು ಪಕ್ಕದ ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ರಾತ್ರಿ ಒಂದೂವರೆಗೆ ನನ್ನ ತೋಳು ಹಿಡಿದು ಅಲುಗಿಸಿ, ‘ಈ ಕಡೆ ಬಿಗಿಯುತ್ತಿದೆ’ ಎಂದಳು. ದೀಪ ಹಾಕಿ ನೋಡಿದರೆ ಬ್ಯಾಂಡೇಜಿನ ಅಂಚಿನಲ್ಲಿ ಎಡಗೆನ್ನೆ ಉಬ್ಬಿ ಹೊಳೆಯುತ್ತಿತ್ತು, ಬೆರಳಿಟ್ಟರೆ ಕಲ್ಲಿನಂತೆ ಗಟ್ಟಿ. ನೋವಿನ ಮಾತ್ರೆ ಕೊಟ್ಟು ಬೆಳಗಾಗಲಿ ಎಂದುಕೊಂಡಿದ್ದೆ. ಸರ್ಜನ್ ಕೊಟ್ಟಿದ್ದ ಚೀಟಿ ನೆನಪಾಯಿತು. ‘ಒಂದೇ ಕಡೆ ಊತ, ಒಂದೇ ಕಡೆ ನೋವು ಕಂಡರೆ ಯಾವ ಹೊತ್ತಾದರೂ ಫೋನ್ ಮಾಡಿ’ ಎಂದು ಅದರಲ್ಲಿತ್ತು. ಮೂರು ಗಂಟೆಗೆ ಅವಳು ಮತ್ತೆ ಆಪರೇಷನ್ ಟೇಬಲ್ ಮೇಲಿದ್ದಳು.

ಚರ್ಮದ ಕೆಳಗೆ ರಕ್ತ ಸೋರಿ ಹೆಪ್ಪುಗಟ್ಟಿತ್ತು. ಫೇಸ್‌ಲಿಫ್ಟ್ ನಂತರ ಎದುರಾಗುವ ತೊಂದರೆಗಳಲ್ಲಿ ಇದೇ ಹೆಚ್ಚು ಸಾಮಾನ್ಯ. ಬಹುತೇಕ ಮೊದಲ 24 ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ಬಿಪಿ ಇರುವವರಲ್ಲಿ ಹೆಚ್ಚು, ಗಂಡಸರಲ್ಲೂ ಹೆಚ್ಚು. ಬೇಗ ಗೊತ್ತಾದರೆ ಹೊಲಿಗೆ ಬಿಚ್ಚಿ ಆ ಹೆಪ್ಪನ್ನು ತೆಗೆದುಬಿಡುತ್ತಾರೆ. ತಡವಾದರೆ ಆ ಒತ್ತಡಕ್ಕೆ ಮೇಲಿನ ಚರ್ಮಕ್ಕೆ ರಕ್ತ ಹರಿಯದೆ ಚರ್ಮ ಕಪ್ಪಾಗಿ ಸಾಯಬಹುದು. ಕುತ್ತಿಗೆಯಲ್ಲಿ ದೊಡ್ಡದಾಗಿ ಸೇರಿಕೊಂಡರೆ ಉಸಿರಿಗೇ ಸಂಚಕಾರ. ಅರಿವಳಿಕೆಯ ಮಂಪರಿನಲ್ಲಿ, ನೋವಿನ ಮಾತ್ರೆ ನುಂಗಿ, ಲಾಡ್ಜಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗಿದವರಿಗೆ ತಮ್ಮ ಎಡಗೆನ್ನೆ ಉಬ್ಬುತ್ತಿರುವುದನ್ನು ಹೇಳುವವರು ಯಾರು? ಊರಿಗೆಲ್ಲ ಸಾರಬೇಕಾಗಿಲ್ಲ. ಒಬ್ಬರಿಗೆ ಹೇಳಿ. ಕನಿಷ್ಠ ಎರಡು ರಾತ್ರಿ ಅವರು ನಿಮ್ಮ ಕೋಣೆಯಲ್ಲೇ ಇರಲಿ. ಇಲ್ಲವೇ ಆ ರಾತ್ರಿಗಳನ್ನು ಆಸ್ಪತ್ರೆಯಲ್ಲೇ ಕಳೆಯುವ ಏರ್ಪಾಡು ಮಾಡಿಕೊಳ್ಳಿ. ಇದಾಗದಿದ್ದರೆ ಶಸ್ತ್ರಚಿಕಿತ್ಸೆ ಬೇಡವೇ ಬೇಡ.

ಈಗ ಕನ್ನಡಿಯ ಮುಂದೆ ಬನ್ನಿ. ನಿಮ್ಮ ವಯಸ್ಸಿನವರೆಲ್ಲ ಮಾಡುವಂತೆ ನೀವೂ ಎರಡು ಬೆರಳಿನಿಂದ ಕೆನ್ನೆಯನ್ನು ಕಿವಿಯತ್ತ ಎಳೆದು ನೋಡಿಕೊಂಡಿರುತ್ತೀರಿ. ಫೇಸ್‌ಲಿಫ್ಟ್ ಎಂದರೆ ಅದಲ್ಲ. ಕಳೆದ ಶತಮಾನದ ಆರಂಭದಲ್ಲಿ ಹಾಗೆಯೇ ಇತ್ತು: ಚರ್ಮವನ್ನಷ್ಟೇ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹೊಲಿಯುತ್ತಿದ್ದರು. ಚರ್ಮ ಹಿಗ್ಗುವ ವಸ್ತು. ಸ್ವಲ್ಪ ಕಾಲದಲ್ಲೇ ಮತ್ತೆ ಜೋತುಬೀಳುತ್ತಿತ್ತು, ಬಲವಾಗಿ ಎಳೆದರೆ ಗಾಳಿಗೆ ಮುಖವೊಡ್ಡಿದಂತೆ ಕಾಣುತ್ತಿತ್ತು. ಚರ್ಮದ ಕೆಳಗೆ ಮುಖದ ಸ್ನಾಯುಗಳನ್ನು ಆವರಿಸಿದ ಒಂದು ಗಟ್ಟಿ ಪದರವಿದೆ. ಮಿಟ್ಸ್ ಮತ್ತು ಪೆಯ್ರೋನಿ ಎಂಬ ಫ್ರೆಂಚ್ ವೈದ್ಯರು 1976ರಲ್ಲಿ ಅದನ್ನು ವಿವರವಾಗಿ ದಾಖಲಿಸಿದರು. ಸರ್ಜನ್‌ಗಳು ಅದನ್ನು ‘ಸ್ಮ್ಯಾಸ್’ ಎನ್ನುತ್ತಾರೆ. ಈಗ ಎತ್ತಿ ಕಟ್ಟುವುದು ಮುಖ್ಯವಾಗಿ ಈ ಪದರವನ್ನು. ಚರ್ಮವನ್ನು ಅದರ ಮೇಲೆ ಬಿಗಿಯಿಲ್ಲದೆ ಹೊದಿಸುತ್ತಾರೆ. ನಿಮ್ಮ ಸರ್ಜನ್ ಯಾವ ಪದರದಲ್ಲಿ ಕೆಲಸ ಮಾಡುತ್ತಾರೆ, ಏಕೆ ಎಂದು ಸಂಕೋಚವಿಲ್ಲದೆ ಕೇಳಿ.

ಇದರಿಂದ ಸರಿಹೋಗುವುದು ಮುಖದ ಕೆಳಭಾಗ: ದವಡೆಯ ಅಂಚಿನಲ್ಲಿ ಇಳಿಬಿದ್ದ ಕೆನ್ನೆ, ಗದ್ದದ ಕೆಳಗಿನ ಜೋಲು, ಕುತ್ತಿಗೆ. ಹಣೆಯ ಗೆರೆ, ಊದಿದ ಕಣ್ಣಿನ ರೆಪ್ಪೆ, ತುಟಿಯ ಮೇಲಿನ ಸಣ್ಣ ಸುಕ್ಕು, ಬಂಗು, ಬಿಸಿಲಿನ ಕಲೆ ಇವ್ಯಾವುದಕ್ಕೂ ಇದು ಮದ್ದಲ್ಲ. ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ. ತೂಕ ಇಳಿದಾಗ ಕೆನ್ನೆಯ ಕೊಬ್ಬೂ ಕರಗಿರುತ್ತದೆ. ಬರೀ ಎತ್ತಿ ಕಟ್ಟಿದರೆ ಗುಳಿಬಿದ್ದ ಕೆನ್ನೆ ಗುಳಿಯಾಗಿಯೇ ಉಳಿದು, ‘ಹುಷಾರಿಲ್ಲವೇ?’ ಎಂಬ ಪ್ರಶ್ನೆ ನಿಲ್ಲದೇ ಹೋಗಬಹುದು. ನಿಮ್ಮದೇ ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬು ತೆಗೆದು ಅಲ್ಲಿ ತುಂಬುವ ವಿಧಾನವಿದೆ, ಆ ಬಗ್ಗೆ ವಿಚಾರಿಸಿ. ತೂಕ ಇನ್ನೂ ಇಳಿಯುತ್ತಿದ್ದರೆ ಅದು ಒಂದು ಮಟ್ಟಕ್ಕೆ ಬಂದು ಆರು ತಿಂಗಳಾದರೂ ನಿಲ್ಲುವವರೆಗೆ ಕಾಯಿರಿ.

ಮದುವೆಗೆ ಮುಂಚೆ ಮಾತ್ರ ಖಂಡಿತ ಬೇಡ. ಎರಡನೆಯ, ಮೂರನೆಯ ದಿನ ಊತ ಏರುತ್ತದೆ, ಕಣ್ಣಿನ ಕೆಳಗಿನಿಂದ ಕುತ್ತಿಗೆಯವರೆಗೆ ನೀಲಿಗಟ್ಟಿ ಆಮೇಲೆ ಹಳದಿಯಾಗುತ್ತದೆ. ಹೊಲಿಗೆಗಳನ್ನು ಹಂತಹಂತವಾಗಿ ಹತ್ತು ದಿನಗಳೊಳಗೆ ತೆಗೆಯುತ್ತಾರೆ. ಎರಡು ಮೂರು ವಾರಕ್ಕೆ ಹೊರಗೆ ಓಡಾಡಬಹುದು, ಆದರೆ ನಗು ಇನ್ನೂ ಬಿಗಿಯಾಗಿರುತ್ತದೆ, ಕೆನ್ನೆ ಜೋಮು ಹಿಡಿದಂತಿರುತ್ತದೆ. ಮಗನ ಮದುವೆಯಲ್ಲಿ ದಿನವಿಡೀ ನಿಂತು, ಬಂದವರೊಡನೆ ನಕ್ಕು ಮಾತನಾಡುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ನಿಜವಾದ ಫಲಿತಾಂಶ ಕಾಣಲು ಮೂರರಿಂದ ಆರು ತಿಂಗಳು ಬೇಕು, ಗಾಯದ ಗೆರೆ ಮಾಸಲು ಒಂದು ವರ್ಷ. ಮದುವೆ ಮುಗಿಯಲಿ, ಆಮೇಲೆ ನಿಶ್ಚಿಂತೆಯಿಂದ ಹೋಗಿ.

ಮೊದಲ ಎರಡು ವಾರಗಳಲ್ಲಿ ಇನ್ನೊಂದು ಆಗುತ್ತದೆ, ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ನನ್ನ ಗೆಳತಿ ಐದನೆಯ ದಿನ ಕನ್ನಡಿ ನೋಡಿ, ‘ಏನು ಮಾಡಿಕೊಂಡುಬಿಟ್ಟೆ!’ ಎಂದು ಅತ್ತಳು. ಆ ದುಃಖ ಅನೇಕರಿಗೆ ಬರುತ್ತದೆ, ಊತ ಇಳಿದಂತೆ ಇಳಿಯುತ್ತದೆ. ಹಾಗೆ ಅಳುವಾಗಲೂ ಒಬ್ಬರು ಪಕ್ಕದಲ್ಲಿರಬೇಕು.

ಗಾಯದ ಗೆರೆ ಎಲ್ಲಿ ಬರುತ್ತದೆಂದು ನಿಮ್ಮ ಮುಖದ ಮೇಲೆಯೇ ಪೆನ್ನಿನಿಂದ ಗೀಚಿ ತೋರಿಸಲು ಹೇಳಿ. ಸಾಮಾನ್ಯವಾಗಿ ಹಣೆಯ ಪಕ್ಕದ ಕೂದಲಂಚಿನಿಂದ ಹೊರಟು, ಕಿವಿಯ ಮುಂದೆ ಇಳಿದು, ಹಾಲೆಯನ್ನು ಸುತ್ತಿ, ಕಿವಿಯ ಹಿಂದೆ ಕೂದಲೊಳಗೆ ಮರೆಯಾಗುತ್ತದೆ. ಎಳೆತ ಹೆಚ್ಚಾದರೆ ಕಿವಿಯ ಹಾಲೆ ಕೆನ್ನೆಗೆ ಅಂಟಿದಂತೆ ಕೆಳಕ್ಕೆ ಜಗ್ಗುತ್ತದೆ. ಬೇರೆಯವರ ಮೊದಲಿನ ಮತ್ತು ನಂತರದ ಫೋಟೋಗಳನ್ನು ತೋರಿಸಿದಾಗ ಮೊದಲು ಕಿವಿಯನ್ನು ನೋಡಿ. ಎರಡು ಫೋಟೋಗಳಲ್ಲೂ ಬೆಳಕು ಒಂದೇ ರೀತಿ ಇದೆಯೇ, ಗದ್ದವನ್ನು ಎತ್ತಿ ಹಿಡಿದಿಲ್ಲವಷ್ಟೇ ಎಂದೂ ಗಮನಿಸಿ. ಹಳೆಯ ಗಾಯಗಳು ದಪ್ಪಗೆ ಉಬ್ಬಿ ಬೆಳೆಯುವ ಚರ್ಮ ನಿಮ್ಮದಾಗಿದ್ದರೆ ಅದನ್ನು ಮುಚ್ಚಿಡಬೇಡಿ.

ಕಿವಿಯ ಸುತ್ತ ಕೆಲವು ತಿಂಗಳು ಸ್ಪರ್ಶ ತಿಳಿಯದಿರುವುದು ಸಾಮಾನ್ಯ. ಹುಬ್ಬು ಎತ್ತುವ, ತುಟಿ ಇಳಿಸುವ ನರಗಳಿಗೆ ಪೆಟ್ಟಾಗುವುದು ಅಪರೂಪ, ಹಾಗೆ ಆದರೂ ಹೆಚ್ಚಿನವರಲ್ಲಿ ಅದು ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವ ಸಾಧ್ಯತೆ ಸಣ್ಣದು, ಆದರೆ ಇಲ್ಲವೇ ಇಲ್ಲ ಎನ್ನುವ ಸರ್ಜನ್‌ರನ್ನು ನಾನಂತೂ ನಂಬುವುದಿಲ್ಲ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಸಿಗರೇಟು, ಹೊಗೆಸೊಪ್ಪು ಏನಾದರೂ ಇದೆಯೇ? ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅಡಿಯಿಂದ ಬಿಡಿಸಿ ಎತ್ತಿದ ಚರ್ಮಕ್ಕೆ ಮೊದಲೇ ರಕ್ತ ಕಡಿಮೆ, ನಿಕೋಟಿನ್ ಸೇರಿದರೆ ಅದು ಕೊಳೆಯಬಹುದು. ಕನಿಷ್ಠ ನಾಲ್ಕು ವಾರ ಮೊದಲು ಮತ್ತು ನಾಲ್ಕು ವಾರ ನಂತರ ಪೂರ್ತಿ ಬಿಡಬೇಕು. ನಿಕೋಟಿನ್ ಇರುವ ಚೂಯಿಂಗ್ ಗಮ್, ಪಟ್ಟಿ, ಇ-ಸಿಗರೇಟು ಕೂಡ ಆಗದು.

ಎಷ್ಟು ವರ್ಷ ಉಳಿಯುತ್ತದೆ ಎಂದರೆ, ಅಂದಾಜು ಏಳರಿಂದ ಹತ್ತು ವರ್ಷ. ವಯಸ್ಸು ನಿಲ್ಲುವುದಿಲ್ಲ, ಆದರೆ ಮಾಡಿಸಿಕೊಳ್ಳದಿದ್ದರೆ ಕಾಣುತ್ತಿದ್ದದ್ದಕ್ಕಿಂತ ಚಿಕ್ಕವರಾಗಿಯೇ ಕಾಣುತ್ತೀರಿ.

ಸರ್ಜನ್ ಬಳಿಗೆ ಹೋಗುವಾಗ ಹೃದಯದ ಡಾಕ್ಟರ ಪತ್ರವನ್ನು ಜೊತೆಗೆ ಒಯ್ಯಿರಿ. ಅವರು ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಪಡೆದು ನೋಂದಾಯಿತರಾದವರೇ, ಅರಿವಳಿಕೆ ತಜ್ಞರು ಕೊನೆಯವರೆಗೂ ಇರುತ್ತಾರೆಯೇ, ರಾತ್ರಿ ಒಂದೂವರೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂದು ಕೇಳಿ. ಆ ಫೋನ್ ನಂಬರನ್ನು ಎರಡು ಚೀಟಿಗಳಲ್ಲಿ ಬರೆಸಿಕೊಳ್ಳಿ. ಒಂದು ನಿಮ್ಮ ಬಳಿ ಇರಲಿ, ಇನ್ನೊಂದು ನಿಮ್ಮ ಜೊತೆ ಎಚ್ಚರವಾಗಿರುವವರ ಬಳಿ.

ಸಂಪಾದಕಿ